ಮುರಿದ ವಾಕ್ಯ, ನಿಲ್ಲದ ವಾಕ್ಯ

ಪೂರ್ಣವಿರಾಮ ತನ್ನ ಜಾಗದಲ್ಲಿ ಬಿದ್ದಿರುವುದನ್ನು ಕಂಡರೆ ನನಗೆ ಈಗಲೂ ಹಿಗ್ಗು. ಎಂಟನೇ ತರಗತಿಯ ಮಗುವೊಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು, ನಾಲ್ಕಕ್ಕೂ ಕರ್ತೃ ಕ್ರಿಯಾಪದ ಎರಡನ್ನೂ ಒದಗಿಸಿ, ಮಾತು ಎಲ್ಲಿ ಮುಗಿಯಿತೋ ಅಲ್ಲಿ ಪೆನ್ನಿನ ಮೊನೆ ಊರಿ ಚುಕ್ಕೆ ಇಟ್ಟಿದ್ದರೆ, ಆ ಪುಟವನ್ನು ಇನ್ನೊಮ್ಮೆ ಓದಿಯೇ ಮುಂದಿನ ಪುಸ್ತಕ ಎತ್ತಿಕೊಳ್ಳುತ್ತೇನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತ ಕಳೆದ ಕಾಲದ ಬಹುಪಾಲು ಈ ಚುಕ್ಕೆಯನ್ನು ಹುಡುಕುವುದರಲ್ಲೇ ಹೋಯಿತು. ನಿವೃತ್ತಿಯಾದ ಮೇಲೂ ಸಂಜೆ ಹೊತ್ತು ಓಣಿಯ ಮಕ್ಕಳು ನೋಟ್ ಪುಸ್ತಕ ಹಿಡಿದು ಜಗಲಿಗೆ ಬರುತ್ತಾರೆ. ಚುಕ್ಕೆಯ ಹುಡುಕಾಟ ನಿಂತಿಲ್ಲ.

ತಪ್ಪುಗಳು ಎರಡು ಜಾತಿ. ಮಾತು ಮುಗಿಯುವ ಮೊದಲೇ ಚುಕ್ಕೆ ಬಿದ್ದರೆ ತುಂಡು ವಾಕ್ಯ. ಮುಗಿದ ಮೇಲೂ ಚುಕ್ಕೆ ಬೀಳದೆ, ಮುಂದಿನ ಮಾತು ಹಿಂದಿನದಕ್ಕೆ ಹಾಗೇ ಅಂಟಿಕೊಂಡರೆ ನಿಲ್ಲದ ವಾಕ್ಯ. ಒಂದೇ ಮಗುವಿನ ಒಂದೇ ಪುಟದಲ್ಲಿ ಎರಡೂ ಸಿಗುತ್ತವೆ. ಅಡಿಗೆರೆ ಎಳೆದು ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಫ್ರಾಗ್ಮೆಂಟ್’, ‘ರನ್ ಆನ್’ ಎಂದು ಬರೆದುಬಿಡುವುದು ಸುಲಭ. ಆ ಪದಗಳನ್ನು ಓದಿ ತಾನಾಗಿ ತಿದ್ದಿಕೊಂಡ ಮಗುವನ್ನು ನಾನು ಕಂಡಿಲ್ಲ. ಆ ಮಗು ಯಾವ ಕನ್ನಡದಿಂದ ಹೊರಟು ಈ ಇಂಗ್ಲಿಷಿಗೆ ಬಂತು ಎಂದು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು ನೋಡಿದರೆ ತಪ್ಪಿನ ಬೇರು ಕಾಣುತ್ತದೆ.

ತುಂಡು ವಾಕ್ಯಗಳಲ್ಲಿ ‘ಬಿಕಾಸ್’ನಿಂದ ಶುರುವಾಗುವುದೇ ಹೆಚ್ಚು. ಹತ್ತನೇ ತರಗತಿಗೆ ಹಲವು ವರ್ಷ ಮೊದಲ ಪಾಠವಾಗಿದ್ದದ್ದು ಆರ್. ಕೆ. ನಾರಾಯಣರ ‘ಎ ಹೀರೋ’. ಅಪ್ಪನ ಸವಾಲಿಗೆ ಕಟ್ಟುಬಿದ್ದು ಸ್ವಾಮಿ ಎಂಬ ಹುಡುಗ ಆಫೀಸು ಕೋಣೆಯಲ್ಲಿ ರಾತ್ರಿ ಒಬ್ಬನೇ ಮಲಗುತ್ತಾನೆ, ಹೆದರಿ ಬೆಂಚಿನ ಕೆಳಗೆ ಸೇರುತ್ತಾನೆ, ಕತ್ತಲಲ್ಲಿ ಬಂದ ಕಳ್ಳನ ಕಾಲು ಕಚ್ಚಿ ಹಿಡಿಯುತ್ತಾನೆ. ಈ ಪಾಠ ನಮ್ಮ ಮಕ್ಕಳಿಗೆ ಬಲು ಇಷ್ಟ. ಮುಗಿದ ಮೇಲೆ ಸ್ವಾಮಿ ಯಾಕೆ ಬೆಂಚಿನ ಕೆಳಗೆ ಹೋದ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಇಡೀ ತರಗತಿಯಿಂದ ಒಂದೇ ಉತ್ತರ: ‘ಬಿಕಾಸ್ ಹೀ ವಾಸ್ ಅಫ್ರೇಡ್.’ ಬಾಯಲ್ಲಿ ಅದು ಸರಿಯಾದ ಉತ್ತರವೇ. ಅರ್ಧ ಮಾತು ಪ್ರಶ್ನೆಯಲ್ಲಿದೆ, ಇನ್ನರ್ಧ ಉತ್ತರದಲ್ಲಿದೆ, ಎರಡೂ ಕೂಡಿ ವಾಕ್ಯ ತುಂಬುತ್ತದೆ. ಉತ್ತರವನ್ನು ಹಾಳೆಯ ಮೇಲೆ ಒಂಟಿಯಾಗಿ ಕೂರಿಸಿದಾಗ ಮಾತ್ರ ಅದಕ್ಕೆ ಕಾಲಿಲ್ಲದಂತಾಗುತ್ತದೆ. ಶಾಲೆಯಲ್ಲಿ ಮಕ್ಕಳು ಬರೆಯುವುದೆಲ್ಲ ಯಾವುದೋ ಪ್ರಶ್ನೆಗೆ ಉತ್ತರ. ವರ್ಷಗಟ್ಟಲೆ ಉತ್ತರ ಬರೆದೇ ಅಭ್ಯಾಸವಾದ ಕೈ, ಪ್ರಬಂಧಕ್ಕೆ ಇಳಿದಾಗಲೂ ಯಾರೋ ಎದುರಿಗೆ ಕೂತು ‘ಯಾಕೆ?’ ಎಂದು ಕೇಳುತ್ತಿದ್ದಾರೆ ಎಂಬಂತೆಯೇ ಬರೆಯುತ್ತದೆ.

ಕನ್ನಡದ ಒತ್ತಾಸೆಯೂ ಇದಕ್ಕಿದೆ. ‘ಸ್ವಾಮಿ ಬೆಂಚಿನ ಕೆಳಗೆ ಹೋದ. ಯಾಕೆಂದರೆ ಅವನಿಗೆ ಭಯವಾಗಿತ್ತು.’ ನಡುವೆ ಚುಕ್ಕೆ ಇಟ್ಟರೂ ಕನ್ನಡದ ಕಿವಿಗೆ ಏನೂ ಕೊರೆ ಕಾಣುವುದಿಲ್ಲ. ಇಂಗ್ಲಿಷಿನ ‘ಬಿಕಾಸ್’ ಹಾಗೆ ಬಿಡುವ ಪೈಕಿ ಅಲ್ಲ. ತಾನು ಹಿಡಿದ ವಾಕ್ಯವನ್ನು ಇನ್ನೊಂದು ಪೂರ್ಣ ವಾಕ್ಯಕ್ಕೆ ಕಟ್ಟಿಹಾಕಲೇಬೇಕು. ಇದನ್ನು ಬಿಡಿಸಿ ಹೇಳುವ ಬದಲು ‘ಬಿಕಾಸ್‌ನಿಂದ ವಾಕ್ಯ ಶುರು ಮಾಡಲೇಬಾರದು’ ಎಂದು ಕಟ್ಟಪ್ಪಣೆ ಮಾಡುವವರಿದ್ದಾರೆ. ಆ ಅಪ್ಪಣೆ ತಪ್ಪು. ‘ಬಿಕಾಸ್ ದಿ ಬಸ್ ವಾಸ್ ಲೇಟ್, ವೀ ವಾಕ್ಡ್ ಟು ಸ್ಕೂಲ್’ ಎಂಬುದು ಗಟ್ಟಿ ವಾಕ್ಯ. ಹಳ್ಳಿಯಿಂದ ಬರುವ ಯಾವ ಮಗು ಬೇಕಾದರೂ ಮಳೆಗಾಲದಲ್ಲಿ ನಿಜವಾಗಿ ಬರೆಯಬಹುದಾದದ್ದು. ಪ್ರಶ್ನೆಯ ಪದಗಳನ್ನು ಉತ್ತರದೊಳಕ್ಕೆ ಕರೆದುಕೊಂಡು ಬಾ, ಆಮೇಲೆ ‘ಬಿಕಾಸ್’ ಎಲ್ಲಿ ಬೇಕಾದರೂ ಇರಲಿ ಎನ್ನುತ್ತೇನೆ. ರಜೆ ಚೀಟಿಗೂ ಇದೇ ಔಷಧ. ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್.’ ಎಂದು ಚುಕ್ಕೆ ಇಟ್ಟು, ಕೆಳಗಿನ ಸಾಲಿನಲ್ಲಿ ‘ಸೋ ಐ ಕೆನಾಟ್ ಕಮ್ ಟು ಸ್ಕೂಲ್’ ಎಂದು ಬರೆದ ಚೀಟಿಗಳು ಹೊನ್ನಾಳಿಯಲ್ಲಿದ್ದಾಗ ನನ್ನ ಮೇಜಿನ ಮೇಲೆ ಪ್ರತಿ ಸೋಮವಾರ ಸಂತೆಯ ಮರುದಿನದಂತೆ ಹರಡಿರುತ್ತಿದ್ದವು. ‘ಆಸ್’ ಇದ್ದರೆ ‘ಸೋ’ ಬೇಡ, ‘ಸೋ’ ಇದ್ದರೆ ‘ಆಸ್’ ಬೇಡ, ಎರಡರಲ್ಲಿ ಒಂದನ್ನು ಹೊಡೆದು ಚುಕ್ಕೆಯ ಜಾಗಕ್ಕೆ ಕಾಮಾ ತಂದರೆ ಜ್ವರದ ಸುದ್ದಿ ಸರಿಯಾಗಿ ಮುಟ್ಟುತ್ತದೆ.

ತುಂಡು ವಾಕ್ಯವನ್ನು ಹಗುರವಾಗಿ ಕಾಣಬಾರದು ಎಂದು ನನಗೆ ಕಲಿಸಿದ್ದು ತಂತಿ. 2013ರ ಜುಲೈನಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆ ನಿಂತಿತು. ಅದಕ್ಕೆ ಎಷ್ಟೋ ಮೊದಲೇ ಹಳ್ಳಿಗಳಲ್ಲಿ ಅದರ ಕೆಲಸವನ್ನು ಫೋನು ವಹಿಸಿಕೊಂಡಿತ್ತು. ನನ್ನ ಬಾಲ್ಯದಲ್ಲಿ ತಂತಿ ಬಂದರೆ ಬೀದಿಯೇ ನೆರೆಯುತ್ತಿತ್ತು. ಓದಲು ಬರುವವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ‘ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯಟ್ಲಿ.’ ನಾಲ್ಕೇ ಪದ. ‘ಫಾದರ್ ಸೀರಿಯಸ್’ನಲ್ಲಿ ಕ್ರಿಯಾಪದವಿಲ್ಲ, ಆದ್ದರಿಂದ ತುಂಡು. ‘ಸ್ಟಾರ್ಟ್ ಇಮ್ಮೀಡಿಯಟ್ಲಿ’ ಪೂರ್ಣ ವಾಕ್ಯ, ಆಜ್ಞೆಯಲ್ಲಿ ಕರ್ತೃ ಅಡಗಿರುತ್ತದೆ. ಎರಡರ ನಡುವೆ ಚುಕ್ಕೆಯಿಲ್ಲದ ಕಾರಣ ನಿಲ್ಲದ ವಾಕ್ಯವೂ ಹೌದು. ನಾನು ಹೇಳಿಕೊಡುವ ಎರಡೂ ದೋಷ ಆ ನಾಲ್ಕು ಪದಗಳಲ್ಲಿ ಕೂಡಿವೆ. ಆದರೆ ಪದಕ್ಕಿಷ್ಟು ಎಂದು ದುಡ್ಡು ಕೊಡಬೇಕಾದವರು ಬರೆಸಿದ ಆ ಸಾಲನ್ನು ಕೇಳಿದ ಯಾರೂ ಅರ್ಥವಾಗಲಿಲ್ಲ ಎಂದದ್ದಿಲ್ಲ. ಬಸ್ಸಿಗೆ ಓಡಿದವರನ್ನೇ ಕಂಡಿದ್ದೇನೆ. ತುಂಡಿಗೂ ತನ್ನ ಕಾಲ, ತನ್ನ ಜಾಗ ಇದೆ ಎಂಬುದನ್ನು ಮಕ್ಕಳಿಗೆ ಮೊದಲು ಹೇಳಿ, ಆಮೇಲೆ ತಿದ್ದುವುದಕ್ಕೆ ಕೈ ಹಾಕುತ್ತೇನೆ.

ಚನ್ನಗಿರಿ ತಾಲ್ಲೂಕಿನ ಶಾಲೆಗಳಿಂದ ಸಂತೆಬೆನ್ನೂರಿಗೆ ಪ್ರವಾಸ ಹೋಗುವುದು ವಾಡಿಕೆ. ಪಾಳೇಗಾರ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ಅದರ ನಡುನೀರಿನ ಮಂಟಪ, ಪಕ್ಕದ ಮುಸಾಫಿರಖಾನೆ ನೋಡಿ ಬಂದ ಮಕ್ಕಳು ಮರುದಿನ ಹೀಗೆ ಬರೆಯುತ್ತಾರೆ: ‘ವೆಂಟ್ ಟು ಸಂತೆಬೆನ್ನೂರು. ಸಾ ಪುಷ್ಕರಣಿ. ವೆರಿ ಬ್ಯೂಟಿಫುಲ್. ಏಟ್ ಚಿತ್ರಾನ್ನ.’ ಯಾರು ಹೋದರು, ಯಾರು ತಿಂದರು? ಕರ್ತೃವೇ ಇಲ್ಲ. ಕನ್ನಡದಲ್ಲಿ ‘ಹೋದೆವು’ ಎಂದರೆ ನಾವು ಎಂಬುದು ಆ ಕ್ರಿಯಾಪದದ ತುದಿಯಲ್ಲೇ ಕೂತಿರುತ್ತದೆ. ‘ನೋಡಿದೆ’, ‘ಬಂದಳು’, ‘ತಿಂದರು’, ಒಂದೊಂದೂ ಪೂರ್ಣ ವಾಕ್ಯ. ಇಂಗ್ಲಿಷಿನ ‘ವೆಂಟ್’ಗೆ ಆ ತುದಿಯಿಲ್ಲ, ನಾನು, ನೀನು, ಅವರು, ಯಾರೇ ಹೋದರೂ ಅದು ‘ವೆಂಟ್’ ಅಷ್ಟೇ. ಹೀಗಾಗಿ ಹೋದವರನ್ನು ಬೇರೆಯಾಗಿ ಮುಂದೆ ನಿಲ್ಲಿಸಬೇಕು. ‘ವೆರಿ ಬ್ಯೂಟಿಫುಲ್’ ಎಂಬುದರ ಕಥೆಯೂ ಹೀಗೇ. ‘ತುಂಬಾ ಚೆಂದ’ ಎಂದು ಕನ್ನಡದಲ್ಲಿ ಕ್ರಿಯಾಪದವಿಲ್ಲದೆ ನೆಮ್ಮದಿಯಾಗಿ ಹೇಳಬಹುದು. ‘ನಮ್ಮೂರು ಚನ್ನಗಿರಿ’ ಎಂದರೆ ವಾಕ್ಯವಾಯಿತು. ಇಂಗ್ಲಿಷ್ ಅಲ್ಲೊಂದು ‘ಈಸ್’ ಕೇಳುತ್ತದೆ. ಈ ಮಕ್ಕಳ ಮನಸ್ಸಿನಲ್ಲಿದ್ದ ವಾಕ್ಯ ಮುರಿದಿರಲಿಲ್ಲ. ಇಡಿಯಾಗಿದ್ದ ವಾಕ್ಯ ಹೊಳೆ ದಾಟುವಾಗ ಒಂದೆರಡು ಪದ ಈಚೆ ದಡದಲ್ಲೇ ಉಳಿದುಕೊಂಡವು.

ಜಗಳೂರಿನ ಒಬ್ಬ ಹುಡುಗಿಯ ಪುಟ ನನಗೆ ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ. ಜಗಳೂರು ಮಳೆಯನ್ನೇ ನೆಚ್ಚಿದ ತಾಲ್ಲೂಕು. ಅಡಿಕೆ ತೋಟ, ಭದ್ರಾ ನಾಲೆಯ ನಡುವೆ ಇದ್ದು ಬಂದವರಿಗೆ ಅಲ್ಲಿಯ ನೆಲದ ಬಣ್ಣವೇ ಬೇರೆ ಕಾಣುತ್ತದೆ. ಕೊಂಡುಕುರಿಗಳಿಗಾಗಿ ಕಾದಿಟ್ಟ ರಂಗಯ್ಯನದುರ್ಗದ ಅಭಯಾರಣ್ಯವೂ ಕುರುಚಲು ಕಾಡೇ. ‘ಮೈ ಫ್ಯಾಮಿಲಿ’ ಎಂಬ ವಿಷಯ ಕೊಟ್ಟಿದ್ದೆ. ಉಳಿದವರೆಲ್ಲ ಗೈಡಿನಲ್ಲಿದ್ದಂತೆ ನಮ್ಮದು ಸುಖೀ ಕುಟುಂಬ ಎಂದು ಬರೆದಿದ್ದರು. ಅವಳು ಬರೆದದ್ದು ಮೂರೇ ತುಂಡು: ‘ನೋ ರೈನ್. ನೋ ಕ್ರಾಪ್. ಫಾದರ್ ಇನ್ ಬೆಂಗಳೂರು.’

ವ್ಯಾಕರಣದ ಲೆಕ್ಕಕ್ಕೆ ಮೂರೂ ತಪ್ಪು. ‘ಮಳೆ ಇಲ್ಲ’ ಎಂಬಲ್ಲಿ ‘ಇಲ್ಲ’ವೇ ಕ್ರಿಯಾಪದದ ಕೆಲಸ ಮಾಡುತ್ತದೆ, ಅದನ್ನು ‘ನೋ’ ಎಂದು ಬದಲಿಸಿದ ಕೂಡಲೇ ಕ್ರಿಯಾಪದ ಕೈಬಿಟ್ಟುಹೋಗುತ್ತದೆ. ‘ದೇರ್ ವಾಸ್ ನೋ ರೈನ್’ ಎಂದರೆ ಸರಿಯಾಯಿತು. ಇನ್ನೂ ಚೆನ್ನಾಗಿ ತಿದ್ದುವುದಾದರೆ ಮೂರನ್ನೂ ಕೂಡಿಸಬಹುದು: ಮಳೆಯಿರಲಿಲ್ಲ, ಆದ್ದರಿಂದ ಬೆಳೆಯಿರಲಿಲ್ಲ, ಆದ್ದರಿಂದ ಅಪ್ಪ ಬೆಂಗಳೂರಿಗೆ ಹೋದರು. ಎರಡು ‘ಸೋ’ ಹಾಕಿದರೆ ಮುಗಿಯಿತು, ಒಳ್ಳೆಯ ಇಂಗ್ಲಿಷ್. ಪೆನ್ನು ತೆಗೆಯುವ ಮೊದಲು ಅವಳನ್ನು ಕರೆದು ಕೇಳಿದೆ: ‘ಬೆಳೆ ಇಲ್ಲ ಅಂತ ಅಪ್ಪ ಬೆಂಗಳೂರಿಗೆ ಹೋದ್ರೇನಮ್ಮ?’

‘ಇಲ್ಲ ಮಿಸ್. ಮಳೆ ಚೆನ್ನಾಗಿದ್ದ ವರ್ಷಾನೂ ಅವರು ಅಲ್ಲೇ ಇದ್ರು. ಗಾರೆ ಕೆಲಸ. ಈ ಸಲ ಮಳೆ ಇಲ್ಲ ಅಂತ ಅಮ್ಮ ಹೇಳಿ ಕಳಿಸಿದ್ರೂ ಬರ್ಲಿಲ್ಲ.’

ಆಗ ಅಲ್ಲಿ ‘ಸೋ’ ಬರುವಂತಿಲ್ಲ. ಬೇಕಾದದ್ದು ‘ಬಟ್’. ‘ದೇರ್ ವಾಸ್ ನೋ ರೈನ್, ಸೋ ವೀ ಹ್ಯಾಡ್ ನೋ ಕ್ರಾಪ್. ಮೈ ಮದರ್ ಕಾಲ್ಡ್ ಮೈ ಫಾದರ್ ಹೋಮ್, ಬಟ್ ಹೀ ಸ್ಟೇಡ್ ಇನ್ ಬೆಂಗಳೂರು.’ ಅವಳು ಒಂದೊಂದಾಗಿ ಹೇಳಿದಂತೆ ನಾವಿಬ್ಬರೂ ಕೂತು ಕಟ್ಟಿದ ವಾಕ್ಯಗಳು ಇವು. ಮಳೆಗೂ ಅಪ್ಪನಿಗೂ ನಡುವೆ ಅಮ್ಮ ಒಬ್ಬಳಿದ್ದಳು. ಅವಳನ್ನು ನಾನು ಊಹಿಸಿಕೊಂಡು ಬರೆಯಲು ಸಾಧ್ಯವಿರಲಿಲ್ಲ. ಎರಡು ಮಾತನ್ನು ಜೋಡಿಸುವ ಪದ ಸಣ್ಣದು. ಆದರೆ ಒಂದರಿಂದ ಇನ್ನೊಂದು ಆಯಿತೋ, ಒಂದರ ಹೊರತಾಗಿಯೂ ಇನ್ನೊಂದು ಆಯಿತೋ, ಎರಡೂ ಸುಮ್ಮನೆ ಅಕ್ಕಪಕ್ಕ ನಡೆದವೋ ಎಂಬುದನ್ನು ಹೇಳುವುದು ಅದೇ. ಅದನ್ನು ಹಾಕುವ ಹಕ್ಕು ಆ ಬದುಕು ಗೊತ್ತಿದ್ದವರದು. ಅಂದಿನಿಂದ ಕೇಳದೆ ಜೋಡಿಸುವುದನ್ನು ನಾನು ನನ್ನ ಕೆಲಸದಿಂದ ತೆಗೆದುಹಾಕಿದೆ. ತಿದ್ದುವುದು ನಿಧಾನವಾಯಿತು. ಪುಸ್ತಕಗಳ ರಾಶಿ ಕರಗುವುದೂ ನಿಧಾನವಾಯಿತು. ಆಗಲಿ ಎಂದುಕೊಂಡೆ.

ಮುಂದೆ ತುಂಗಭದ್ರೆಯ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ಅತ್ತ ಕಡೆ ಕೆಲಸ ಶುರು ಮಾಡಿ, ಜಗಳೂರಿನ ಕೆರೆಗಳಿಗೆ ನೀರು ಬಂದಾಗ ಇನ್ನೊಂದು ಮಗು ಬರೆದ ಎರಡೇ ಪದ ನೋಡಿದೆ: ‘ವಾಟರ್ ಕೇಮ್.’ ‘ನೋ ರೈನ್’ನಲ್ಲೂ ಎರಡು ಪದ, ಇದರಲ್ಲೂ ಎರಡು. ಅದು ತುಂಡು, ಇದು ಪೂರ್ಣ. ನೀರು ಕರ್ತೃ, ಬಂದದ್ದು ಕ್ರಿಯೆ. ವಾಕ್ಯದ ಉದ್ದಕ್ಕೂ ಪೂರ್ಣತೆಗೂ ಸಂಬಂಧವಿಲ್ಲ ಎಂದು ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನಮ್ಮ ಕಾಲದವರ ವ್ಯಾಕರಣ ಎಂದರೆ ರೆನ್ ಅಂಡ್ ಮಾರ್ಟಿನ್. ಅದರ ರೆನ್, ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿಯನ್ನು 1924ರಲ್ಲಿ ಬರೆದ ಪಿ. ಸಿ. ರೆನ್ ಅವರೇ, ಇಂಡಿಯಾದಲ್ಲಿ ಶಿಕ್ಷಣ ಇಲಾಖೆಯ ಕೆಲಸದಲ್ಲಿದ್ದವರು. ಆ ಪುಸ್ತಕದ ಬಗ್ಗೆ ನನಗೆ ಗೌರವವಿದೆ. ಆದರೆ ಪೂರ್ಣ ಅರ್ಥ ಕೊಡುವ ಪದಗಳ ಗುಂಪೇ ವಾಕ್ಯ ಎಂಬ ವ್ಯಾಖ್ಯೆ ನಮ್ಮ ಮಕ್ಕಳಿಗೆ ಆಸರೆಯಾಗುವುದಿಲ್ಲ. ‘ನೋ ರೈನ್’ ಎಂಬುದರ ಅರ್ಥದಲ್ಲಿ ಜಗಳೂರಿನ ಹುಡುಗಿಗೆ ಯಾವ ಕೊರತೆ ಕಂಡೀತು? ಅರ್ಥವನ್ನು ಹಿಡಿದು ಹೊರಟರೆ ತುಂಡು ಸಿಗುವುದಿಲ್ಲ. ನಾನು ಬೇರೆ ಒರೆಗಲ್ಲು ಹಿಡಿದೆ. ಅನುಮಾನ ಬಂದ ವಾಕ್ಯದ ಮೊದಲಿಗೆ ‘ಇಟ್ ಈಸ್ ಟ್ರೂ ದಟ್’ ಎಂದು ಸೇರಿಸಿ ಓದುವುದು. ‘ಇಟ್ ಈಸ್ ಟ್ರೂ ದಟ್ ವಾಟರ್ ಕೇಮ್’, ಸರಾಗವಾಗಿ ಹೋಯಿತು. ‘ಇಟ್ ಈಸ್ ಟ್ರೂ ದಟ್ ಬಿಕಾಸ್ ಹೀ ವಾಸ್ ಅಫ್ರೇಡ್’, ಇಲ್ಲಿ ನಾಲಿಗೆ ಮುಂದೇನು ಎಂದು ಕಾಯುತ್ತದೆ. ‘ಇಟ್ ಈಸ್ ಟ್ರೂ ದಟ್ ವೆಂಟ್ ಟು ಸಂತೆಬೆನ್ನೂರು’, ಎಡವಿತು. ಇನ್ನೊಂದು ಉಪಾಯ, ಪುಟವನ್ನು ಕೊನೆಯ ವಾಕ್ಯದಿಂದ ಮೊದಲ ವಾಕ್ಯದ ಕಡೆಗೆ ಒಂದೊಂದಾಗಿ ಓದುವುದು. ಮೇಲಿಂದ ಕೆಳಗೆ ಓದುವಾಗ ಹಿಂದಿನ ವಾಕ್ಯ ಮುಂದಿನದರ ಕೊರತೆ ತುಂಬುತ್ತದೆ. ಕೆಳಗಿಂದ ಹತ್ತಿದರೆ ಪ್ರತಿ ವಾಕ್ಯವೂ ಒಂಟಿ, ತುಂಡಾದದ್ದು ತಾನೇ ಎದ್ದು ಕಾಣುತ್ತದೆ. ಆಟವೆಂದು ಮಕ್ಕಳು ಖುಷಿಯಿಂದ ಮಾಡುತ್ತಾರೆ.

ನಿಲ್ಲದ ವಾಕ್ಯದ ಮಕ್ಕಳು ಬೇರೆ ಸ್ವಭಾವದವರು. ಅವರಿಗೆ ಹೇಳುವುದು ಬಹಳ ಇರುತ್ತದೆ. ಚನ್ನಗಿರಿಯ ಕಡೆಯ ಒಬ್ಬ ಹುಡುಗ ಸೂಳೆಕೆರೆಯ ಬಗ್ಗೆ ಬರೆದು ತಂದಿದ್ದ. ಶಾಂತಿಸಾಗರ ಎಂದೂ ಕರೆಯುವ ಆ ಕೆರೆ ಏಷ್ಯಾದ ದೊಡ್ಡ ಕೆರೆಗಳಲ್ಲೊಂದು. ಏರಿಯ ಮೇಲೆ ನಿಂತರೆ ಆಚೆ ದಡ ಮಬ್ಬಾಗಿ ಕಾಣುತ್ತದೆ. ಅಜ್ಜಿಯ ಬಾಯಲ್ಲಿ ಕೇಳಿದ ಕಥೆಯನ್ನು ಅವನು ಒಂದೇ ಉಸಿರಿಗೆ ಇಂಗ್ಲಿಷಿಗೆ ತಂದಿದ್ದ: ‘ಶಾಂತವ್ವ ವಾಸ್ ಕಿಂಗ್ಸ್ ಡಾಟರ್ ಶೀ ವಾಂಟೆಡ್ ಟು ಬಿಲ್ಡ್ ಎ ಟ್ಯಾಂಕ್ ದಿ ಲ್ಯಾಂಡ್ ವಾಸ್ ನಾಟ್ ಹರ್ಸ್ ಇಟ್ ಬಿಲಾಂಗ್ಡ್ ಟು ಸಮ್ ವಿಮೆನ್ ದೇ ಸೆಡ್ ಗಿವ್ ಅವರ್ ನೇಮ್ ಟು ದಿ ಟ್ಯಾಂಕ್ ಶೀ ಅಗ್ರೀಡ್.’ ಒಂದೂ ಚುಕ್ಕೆಯಿಲ್ಲ. ಆದರೆ ಇದರಲ್ಲಿ ಕೆಟ್ಟದ್ದು ಏನೂ ಇಲ್ಲ ಎಂಬುದು ನೋಡಿದ ಕೂಡಲೇ ತಿಳಿಯಿತು. ಪ್ರತಿ ತುಣುಕಿಗೂ ಕರ್ತೃ ಇದೆ, ಕ್ರಿಯಾಪದ ಇದೆ.

ಅವನಿಗೆ ಇಂಗ್ಲಿಷ್ ಪುಟ ಮಡಚಿಡಲು ಹೇಳಿ, ಕಥೆಯನ್ನು ಕನ್ನಡದಲ್ಲಿ ಹೇಳು ಎಂದೆ. ‘ಶಾಂತವ್ವ ರಾಜನ ಮಗಳು. ಅವಳಿಗೆ ಒಂದು ಕೆರೆ ಕಟ್ಟಿಸಬೇಕು ಅಂತ ಆಸೆ ಆಯ್ತು. ಆ ಜಾಗ ಅವಳದಲ್ಲ...’ ಒಂದೊಂದು ಕ್ರಿಯೆ ಮುಗಿದಾಗಲೂ ಅವನ ದನಿ ಇಳಿಯುತ್ತಿತ್ತು. ಇಳಿದ ಕಡೆಯೆಲ್ಲ ಮೇಜಿನ ಮೇಲೆ ಬೆರಳಿಂದ ಕುಟ್ಟು ಎಂದೆ. ಕುಟ್ಟಿದ. ಚುಕ್ಕೆಗಳೆಲ್ಲ ಅವನ ಬಾಯಲ್ಲಿ ಮೊದಲೇ ಇದ್ದವು. ಆಮೇಲೆ ಇಂಗ್ಲಿಷ್ ಪುಟ ತೆರೆದು ಅದೇ ಜಾಗಗಳಲ್ಲಿ ಚುಕ್ಕೆ ಇಟ್ಟುಕೊಂಡ. ಕನ್ನಡದ ಇನ್ನೊಂದು ಶಿಸ್ತು ಇಲ್ಲಿ ನೆರವಿಗೆ ಬರುತ್ತದೆ. ‘ಎದ್ದು, ಮುಖ ತೊಳೆದು, ರೊಟ್ಟಿ ತಿಂದು, ಬಸ್ಸು ಹತ್ತಿದೆ’ ಎಂದು ನಾವು ಎಷ್ಟು ಕೆಲಸಗಳನ್ನಾದರೂ ಕೋದು ಕೊನೆಯಲ್ಲಿ ಒಂದೇ ಕ್ರಿಯಾಪದಕ್ಕೆ ನಿಲ್ಲಿಸಬಹುದು. ಆದರೆ ಸಾಮಾನ್ಯವಾಗಿ ಅದಷ್ಟನ್ನೂ ಮಾಡುವವರು ಒಬ್ಬರೇ ಇರಬೇಕು. ಮಾಡುವವರು ಬದಲಾದರೆ ಕನ್ನಡವೂ ಅಲ್ಲಿ ನಿಂತು ಮುಂದೆ ಹೋಗುತ್ತದೆ. ಶಾಂತವ್ವನ ಆಸೆಯಿಂದ ಆ ಹೆಂಗಸರ ಮಾತಿಗೆ ಬರುವಾಗ ನಿಲ್ಲಬೇಕೆಂದು ಹುಡುಗನಿಗೆ ಗೊತ್ತೇ ಇತ್ತು. ಆ ಅರಿವನ್ನು ಇಂಗ್ಲಿಷಿನ ಪುಟಕ್ಕೂ ತರಬಹುದು ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಬರೀ ಚುಕ್ಕೆ ಇಟ್ಟರೆ ಇಂಗ್ಲಿಷ್ ಕುಪ್ಪಳಿಸುತ್ತದೆ. ಸಣ್ಣ ಸಣ್ಣ ವಾಕ್ಯ, ಒಂದರ ಹಿಂದೊಂದು. ಆದ್ದರಿಂದ ಎರಡನೇ ಸುತ್ತಿನಲ್ಲಿ ಜೋಡಣೆ. ‘ಶಾಂತವ್ವ, ದಿ ಕಿಂಗ್ಸ್ ಡಾಟರ್, ವಾಂಟೆಡ್ ಟು ಬಿಲ್ಡ್ ಎ ಟ್ಯಾಂಕ್, ಬಟ್ ದಿ ಲ್ಯಾಂಡ್ ಬಿಲಾಂಗ್ಡ್ ಟು ಸಮ್ ವಿಮೆನ್. ದೇ ಆಸ್ಕ್ಡ್ ದಟ್ ದಿ ಟ್ಯಾಂಕ್ ಬೇರ್ ದೇರ್ ನೇಮ್, ಆಂಡ್ ಶೀ ಅಗ್ರೀಡ್.’ ಕನ್ನಡ ಮೇಷ್ಟ್ರು ಹೇಳಿಕೊಡುವ ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯಗಳೇ ಇವು. ಇಂಗ್ಲಿಷ್ ಮೇಷ್ಟ್ರೂ ಕನ್ನಡ ಮೇಷ್ಟ್ರೂ ಒಂದೇ ಸ್ಟಾಫ್ ರೂಮಿನಲ್ಲಿ ಕೂತು ಚಹಾ ಕುಡಿಯುತ್ತಾರೆ, ಈ ಪಾಠಗಳನ್ನು ಮಾತ್ರ ಒಟ್ಟಿಗೆ ಮಾಡುವುದಿಲ್ಲ. ಮಾಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ನಿಲ್ಲದ ವಾಕ್ಯವನ್ನು ನಮ್ಮ ಮಕ್ಕಳು ಇಂಗ್ಲಿಷಿಗಾಗಿ ಹೊಸದಾಗಿ ಕಂಡುಹಿಡಿದದ್ದಲ್ಲ. ಅದನ್ನು ಅತ್ಯಂತ ಗಂಭೀರವಾಗಿ ಬರೆಯುವ ಜಾಗ ನಮ್ಮ ತಾಲ್ಲೂಕು ಕಚೇರಿಗಳ ಬಳಿ, ಪತ್ರ ಬರಹಗಾರರ ಮೇಜಿನ ಮೇಲೆ ಇದೆ. ಒಂದು ಅಡಿಕೆ ತೋಟದ ಕ್ರಯಪತ್ರ ತೆಗೆದು ನೋಡಿ. ತಾರೀಖಿನಿಂದ ಶುರು. ಬರೆಸಿಕೊಂಡವರ ಹೆಸರು, ತಂದೆ ಹೆಸರು, ವಯಸ್ಸು, ವಾಸ. ಬರೆದುಕೊಟ್ಟವರದ್ದೂ ಅಷ್ಟೇ ವಿವರ. ಆಮೇಲೆ ‘ಶುದ್ಧ ಕ್ರಯಪತ್ರದ ಕ್ರಮವೇನೆಂದರೆ’. ಅಲ್ಲಿಂದ ಮುಂದೆ ಆಸ್ತಿ ಬಂದ ಬಗೆ, ಹಣದ ಮೊತ್ತ, ನಾಲ್ಕೂ ದಿಕ್ಕಿನ ಚಕ್ಕುಬಂದಿ, ಮರ ಮಾಲ್ಕಿ, ಬಾವಿ, ದಾರಿ. ಪುಟ ತಿರುಗಿಸಿದರೂ ಚುಕ್ಕೆ ಅಪರೂಪ. ನಡುವೆ ಸಂದು ಬಿಟ್ಟರೆ ಅಲ್ಲಿ ಇನ್ನೊಂದು ಪದ ತೂರಿಕೊಂಡೀತು, ತಕರಾರು ಬಂದೀತು ಎಂಬ ಎಚ್ಚರ ಆ ಬರಹದ ಉದ್ದಕ್ಕೂ ಕೆಲಸ ಮಾಡುತ್ತದೆ ಎಂದು ನನಗನ್ನಿಸುತ್ತದೆ. ಇಂಗ್ಲಿಷಿನ ಹಳೆಯ ಕಾನೂನು ಪತ್ರಗಳೂ ಹೀಗೇ, ಪುಟಗಟ್ಟಲೆ ವಿರಾಮಚಿಹ್ನೆ ಇಲ್ಲದವು.

ಕ್ರಯಪತ್ರದಿಂದ ಹಿಂದಕ್ಕೆ ಹೋದರೆ ಶಾಸನಗಳು. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೇ ಸಂಪುಟ 1902ರದ್ದು. ಶಿವಮೊಗ್ಗ, ಶಿಕಾರಿಪುರಗಳ ಜೊತೆಗೆ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳೂ ಅದರಲ್ಲಿವೆ. ಆಗ ಈ ಎರಡೂ ಶಿವಮೊಗ್ಗ ಜಿಲ್ಲೆಯವು. ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಜಗಳೂರಿನವು ಹನ್ನೊಂದನೇ ಸಂಪುಟದಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆದ ಮೇಲೆಯೇ ಇವು ಒಂದೇ ಜಿಲ್ಲೆಗೆ ಸೇರಿದ್ದು, ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾದದ್ದು ಇನ್ನೂ ಈಚೆಗೆ. ಆ ಕಲ್ಲುಗಳ ಮೇಲೆ ‘ಸ್ವಸ್ತಿ’ ಎಂದು ಹೊರಟ ವಾಕ್ಯ ಅರಸನ ಬಿರುದುಗಳನ್ನೆಲ್ಲ ಹೊತ್ತು, ಸಂವತ್ಸರ, ಮಾಸ, ತಿಥಿ, ಗ್ರಹಣ ಎಲ್ಲ ದಾಟಿ, ಕೊನೆಗೆ ಭೂಮಿ ಕೊಟ್ಟಲ್ಲಿಗೆ ಬಂದು ನಿಲ್ಲುತ್ತದೆ. ಕಾಮಾ ಇಲ್ಲ, ಪದಗಳ ನಡುವೆ ತೆರಪೂ ಇಲ್ಲ. ಓದುವವರಿಗೆ ದಾರಿ ತೋರುವುದು ಕ್ರಿಯಾಪದ ಒಂದೇ. ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನಕ್ಕೆ ಬುನಾದಿ ಹಾಕಿದ ಎಂ. ಚಿದಾನಂದಮೂರ್ತಿಯವರು ಹುಟ್ಟಿದ್ದು ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನಲ್ಲಿ, 1931ರಲ್ಲಿ. ಅಷ್ಟುದ್ದದ ವಾಕ್ಯಗಳ ಒಳಗೆ ಇಳಿದು, ಯಾರು ಯಾರಿಗೆ ಏನು ಕೊಟ್ಟರು ಎಂದು ಬಿಡಿಸಿ ಓದಿದವರು ನಮ್ಮ ನೆರೆಯೂರಿನವರು ಎಂದು ಮಕ್ಕಳಿಗೆ ಹೇಳುವಾಗ ನನ್ನ ದನಿ ತುಸು ಏರುತ್ತದೆ.

ಚುಕ್ಕೆ, ಕಾಮಾಗಳೆಲ್ಲ ನಮ್ಮಲ್ಲಿ ನೆಲೆಯಾದದ್ದು ಅಚ್ಚಿನ ಜೊತೆ. ಹಾಗೆ ಬಂದ ಕಾಮಾ ಕನ್ನಡದಲ್ಲಿ ಬಹಳ ಸಲೀಸು, ಎರಡು ಪೂರ್ಣ ವಾಕ್ಯಗಳ ನಡುವೆಯೂ ನಿಲ್ಲುತ್ತದೆ. ‘ಮಳೆ ಬಂತು, ನಾವು ಓಡಿದೆವು.’ ಇದನ್ನೇ ಇಂಗ್ಲಿಷಿನಲ್ಲಿ ‘ಇಟ್ ರೈನ್ಡ್, ವೀ ರ‍್ಯಾನ್’ ಎಂದರೆ ಪರೀಕ್ಷಕರು ಸುತ್ತು ಹಾಕುತ್ತಾರೆ. ಬರೀ ಕಾಮಾಕ್ಕೆ ಎರಡು ಪೂರ್ಣ ವಾಕ್ಯ ಹಿಡಿದಿಡುವ ಶಕ್ತಿಯನ್ನು ಇಂಗ್ಲಿಷ್ ಕೊಟ್ಟಿಲ್ಲ. ಇಲ್ಲಿ ಕಿವಿಯನ್ನು ನಂಬುವಂತಿಲ್ಲ, ದನಿ ಅರ್ಧ ಮಾತ್ರ ಇಳಿಯುತ್ತದೆ, ಕ್ರಿಯಾಪದಗಳನ್ನೇ ಎಣಿಸಬೇಕು. ಎರಡು ಪೂರ್ಣ ಕ್ರಿಯಾಪದಗಳಿಗೆ ಎರಡು ಕರ್ತೃಗಳಿದ್ದು ನಡುವೆ ಬರೀ ಕಾಮಾ ಇದ್ದರೆ ಚುಕ್ಕೆ ಹಾಕು, ಇಲ್ಲವೇ ‘ಆಂಡ್’, ‘ಸೋ’ ತಾ, ಇಲ್ಲವೇ ಅರ್ಧವಿರಾಮ. ವೆನಿಸ್ ನಗರದ ಮುದ್ರಕ ಆಲ್ಡಸ್ ಮನುಟಿಯಸ್ 1490ರ ದಶಕದಲ್ಲಿ ಅಚ್ಚಿಗಿಳಿಸಿದ ಆ ಅರ್ಧವಿರಾಮದ ಮೇಲೆ ನನಗೆ ವಿಶೇಷ ಪ್ರೀತಿ. ಮೇಲೊಂದು ಚುಕ್ಕೆ, ಕೆಳಗೊಂದು ಕಾಮಾ. ನಿಲ್ಲುವ ಮನಸ್ಸು, ಮುಂದುವರಿಯುವ ಮನಸ್ಸು ಎರಡೂ ಅದಕ್ಕಿದೆ. ಹೈಸ್ಕೂಲಿನಲ್ಲಿ ಅದನ್ನು ಯಾರೂ ಕಲಿಸುವುದಿಲ್ಲ. ನಾನು ಕಲಿಸುತ್ತೇನೆ.

ನ್ಯಾಮತಿ ತಾಲ್ಲೂಕಿನ ತಾಂಡಾಗಳ ಮಕ್ಕಳ ದಾರಿ ಇನ್ನೂ ದೂರದ್ದು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಆಮೇಲೆ ಇಂಗ್ಲಿಷ್. ಬಂಜಾರರು ಸಂತ ಸೇವಾಲಾಲರ ಜನ್ಮಸ್ಥಳವೆಂದು ಭಕ್ತಿಯಿಂದ ಕಾಣುವ ಸೂರಗೊಂಡನಕೊಪ್ಪದಲ್ಲಿ ಫೆಬ್ರವರಿಯಲ್ಲಿ ಜಯಂತಿ ನಡೆಯುತ್ತದೆ. ಮಹಾರಾಷ್ಟ್ರ, ತೆಲಂಗಾಣಗಳಿಂದಲೂ ಜನ ಬರುತ್ತಾರೆ. ಅದನ್ನು ನೋಡಿ ಬಂದ ಹುಡುಗಿಯೊಬ್ಬಳ ಪುಟದಲ್ಲಿ ‘ಆಂಡ್ ದೆನ್’ ಎಂಬ ಎರಡು ಪದ ಸಾಲುಸಾಲಿಗೂ ಬಂದು, ಇಡೀ ಜಾತ್ರೆ ಒಂದೇ ವಾಕ್ಯವಾಗಿತ್ತು. ಕನ್ನಡದಲ್ಲಿ ಹೇಳಿ ಬೆರಳು ಕುಟ್ಟುವ ಉಪಾಯ ಅವಳಿಗೆ ಒಗ್ಗಲಿಲ್ಲ. ಲಂಬಾಣಿಯಲ್ಲೇ ಹೇಳು ಎಂದೆ. ನನಗೆ ಆ ಮಾತು ಬಾರದು, ಆದರೆ ಅವಳ ದನಿ ಇಳಿಯುವ ಜಾಗ ಕೇಳುತ್ತಿತ್ತು. ಪಕ್ಕದಲ್ಲಿದ್ದ ಅವಳ ಗೆಳತಿ ಆ ಜಾಗಗಳಲ್ಲಿ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದಳು. ಗೆರೆಗಳ ಪ್ರಕಾರ ಪುಟ ತುಂಡಾಯಿತು, ಪ್ರತಿ ತುಂಡೂ ಇಡೀ ವಾಕ್ಯವಾಗಿತ್ತು.

ಕಾಲೇಜಿಗೆ ಹೋದ ಹಳೆಯ ವಿದ್ಯಾರ್ಥಿಗಳು ಬಂದು ತಕರಾರು ತೆಗೆಯುತ್ತಾರೆ. ಡಿಕನ್ಸ್‌ನ ‘ಬ್ಲೀಕ್ ಹೌಸ್’ ಕಾದಂಬರಿಯ ಮೊದಲ ವಾಕ್ಯ ಒಂದು ಊರಿನ ಹೆಸರು ಮಾತ್ರ, ಮುಂದಿನವೂ ತುಂಡುಗಳೇ. ಜಾಯ್ಸ್‌ನ ‘ಯುಲಿಸಿಸ್’ನ ಕೊನೆಯ ಅಧ್ಯಾಯ ವಿರಾಮಚಿಹ್ನೆಗಳಿಲ್ಲದೆ ಪುಟಗಟ್ಟಲೆ ಹರಿಯುತ್ತದೆ. ಅವರಿಗೆ ಸರಿ, ನಮಗೆ ತಪ್ಪೇ ಎಂಬ ಪ್ರಶ್ನೆ ನ್ಯಾಯವಾದದ್ದು. ಡಿಕನ್ಸ್‌ಗೆ ಆ ತುಂಡನ್ನು ಇಡಿ ಮಾಡಲು ಬರುತ್ತಿತ್ತು, ಬೇಡವೆಂದು ಬಿಟ್ಟ. ನಿನಗೂ ಎರಡೂ ಬರಲಿ, ಆಮೇಲೆ ಯಾವುದು ಬೇಕೋ ಆರಿಸಿಕೋ ಎನ್ನುತ್ತೇನೆ. ಜಗಳೂರಿನ ಹುಡುಗಿ ದೊಡ್ಡವಳಾಗಿ ಕಥೆ ಬರೆದು, ‘ನೋ ರೈನ್. ನೋ ಕ್ರಾಪ್.’ ಎಂದೇ ಶುರು ಮಾಡಿದರೆ ಅದಕ್ಕೆ ಕೆಂಪು ಶಾಯಿ ಮುಟ್ಟಿಸುವವಳಲ್ಲ ನಾನು.

ಈಗಿನ ಮಕ್ಕಳು ಫೋನಿನಲ್ಲೇ ತಿದ್ದಿಸಿಕೊಂಡು ಬರುತ್ತಾರೆ. ಬರೆದದ್ದರ ಅಡಿಗೆ ನೀಲಿ ಗೆರೆ ಬೀಳುತ್ತದೆ, ಒತ್ತಿದರೆ ವಾಕ್ಯ ಸರಿಯಾಗುತ್ತದೆ. ಚುಕ್ಕೆ, ಕಾಮಾಗಳಿಗೆ ಅದು ಒಳ್ಳೆಯ ಸಹಾಯ, ದೂರದ ಹಳ್ಳಿಯ ಮಗುವಿಗಂತೂ ದೊಡ್ಡ ಆಸರೆ, ಬೇಡ ಎನ್ನುವುದಿಲ್ಲ. ಅದು ‘ಸೋ’ ಅಥವಾ ‘ಬಿಕಾಸ್’ ಸೇರಿಸಿದ ಕಡೆ ಮಾತ್ರ ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತೇನೆ: ಹೀಗೇ ಆಯ್ತಾ? ಅದಕ್ಕೇ ಇದು ಆಯ್ತಾ? ಹಲವು ಸಲ ಹೌದು ಎನ್ನುತ್ತಾರೆ. ಕೆಲವು ಸಲ ಸ್ವಲ್ಪ ಯೋಚಿಸಿ, ‘ಇಲ್ಲ ಮಿಸ್, ಅದು ಬೇರೆ, ಇದು ಬೇರೆ’ ಎಂದು ಹೇಳಿ ಅಲ್ಲಿಂದ ಹೊಸ ಕಥೆಯನ್ನೇ ತೆಗೆಯುತ್ತಾರೆ. ಆಗ ಪುಟ ಉದ್ದವಾಗುತ್ತದೆ, ದೀಪ ಹಚ್ಚುವ ಹೊತ್ತು ಮೀರುತ್ತದೆ.

ತಿದ್ದದೆ ಬಿಡುವ ಒಂದು ಸಂಗತಿಯೂ ಇದೆ. ‘ಆಂಡ್’, ‘ಬಟ್’ಗಳಿಂದ ಶುರುವಾದ ವಾಕ್ಯವನ್ನು ತುಂಡೆಂದು ಹೊಡೆದುಹಾಕುವ ಪದ್ಧತಿ ಎಷ್ಟೋ ಶಾಲೆಗಳಲ್ಲಿದೆ. ಅದು ತುಂಡಲ್ಲ. ಮುಂದೆ ಕರ್ತೃವೂ ಕ್ರಿಯಾಪದವೂ ಇದ್ದರೆ ಆ ವಾಕ್ಯ ಪೂರ್ಣ. ಇಂಗ್ಲಿಷಿನ ಒಳ್ಳೆಯ ಲೇಖಕರೆಲ್ಲ ಹಾಗೆ ಬರೆದಿದ್ದಾರೆ. ಮೊನ್ನೆ ಒಬ್ಬ ಹುಡುಗನ ಪುಸ್ತಕದಲ್ಲಿ ‘ಬಟ್ ಮೈ ಬ್ರದರ್ ಡಿಡ್ ನಾಟ್ ಕಮ್’ ಎಂಬುದರ ಮೇಲೆ ಅಡ್ಡಗೆರೆ ಬಿದ್ದು ಅಂಕ ಹೋಗಿತ್ತು. ಅಡ್ಡಗೆರೆಯ ಪಕ್ಕ ಹಸಿರು ಶಾಯಿಯಲ್ಲಿ ‘ಇದು ಸರಿಯಿದೆ’ ಎಂದು ಬರೆದು, ಕಾರಣವನ್ನೂ ಎರಡು ಸಾಲಿನಲ್ಲಿ ಸೇರಿಸಿ, ನಿಮ್ಮ ಮೇಷ್ಟ್ರಿಗೆ ತೋರಿಸು, ಬಿಡುವಿದ್ದರೆ ಭಾನುವಾರ ಬರಲು ಹೇಳು, ಕೂತು ಮಾತಾಡೋಣ ಎಂದು ಕಳಿಸಿದ್ದೇನೆ.